4 ನಿಮಿಷದ ಮೈಲಿ: ಬ್ಯಾನಿಸ್ಟರ್ ಗೆದ್ದದ್ದು ಬರೀ ನಂಬಿಕೆಯಿಂದಲೇ? ಆ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಪರೀಕ್ಷೆ ಹತ್ತಿರ ಬಂದಾಗ, ಪೊಲೀಸ್ ಅಥವಾ ಸೇನಾ ಭರ್ತಿಯ ಪ್ರಕಟಣೆ ಹೊರಬಿದ್ದಾಗ, ಹೊಸ ವರ್ಷ ಶುರುವಾದಾಗ ವಾಟ್ಸ್‌ಆಪ್ ಗುಂಪುಗಳಲ್ಲಿ ತಪ್ಪದೆ ಬರುವ ಸಂದೇಶವೊಂದಿದೆ. ಟ್ಯೂಷನ್ ಸೆಂಟರಿನ ಗುಂಪಿನಲ್ಲೂ ಬರುತ್ತದೆ, ಅಪಾರ್ಟ್‌ಮೆಂಟಿನ ಗುಂಪಿನಲ್ಲೂ ಬರುತ್ತದೆ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲೂ ಕೇಳಿಬರುತ್ತದೆ. ಅದರ ಸಾರ ಇಷ್ಟು:

1. ಒಂದು ಮೈಲಿಯನ್ನು 4 ನಿಮಿಷದೊಳಗೆ ಓಡಲು ಮನುಷ್ಯನಿಂದ ಸಾಧ್ಯವೇ ಇಲ್ಲ, ಓಡಿದರೆ ಹೃದಯ ಒಡೆದುಹೋಗುತ್ತದೆ ಎಂದು ವೈದ್ಯರು, ವಿಜ್ಞಾನಿಗಳೆಲ್ಲ ಹೇಳಿದ್ದರು.
2. 1954ರಲ್ಲಿ ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಮನಸ್ಸಿನಲ್ಲಿ ನಂಬಿಕೆ ಇಟ್ಟುಕೊಂಡು ಓಡಿ ತೋರಿಸಿದರು.
3. ಅದನ್ನು ನೋಡಿದ್ದೇ ತಡ, ಮುಂದಿನ ಒಂದೇ ವರ್ಷದಲ್ಲಿ 37 ಜನ ಓಡಿಬಿಟ್ಟರು. ಕೆಲವು ಸಂದೇಶಗಳಲ್ಲಿ ಈ ಸಂಖ್ಯೆ 300 ಆಗಿರುತ್ತದೆ.

ಕೊನೆಯಲ್ಲಿ ನೀತಿ: ಮಿತಿ ಇರುವುದು ದೇಹದಲ್ಲಲ್ಲ, ನಿಮ್ಮ ತಲೆಯಲ್ಲಿ ಮಾತ್ರ.

ಕೇಳಲು ಚೆನ್ನಾಗಿದೆ. ಆದರೆ ನಿಜವೇ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಬ್ಯಾನಿಸ್ಟರ್ ಓಡಿದ್ದು ನಿಜ. ಆದರೆ ವೈದ್ಯಲೋಕವೆಲ್ಲ ಅಸಾಧ್ಯ ಎಂದು ತೀರ್ಮಾನಿಸಿತ್ತು ಎನ್ನುವುದಕ್ಕೆ ಆಧಾರವಿಲ್ಲ. ಅವರು ಬರೀ ನಂಬಿಕೆಯ ಮೇಲೆ ಓಡಲಿಲ್ಲ. ಏಳೆಂಟು ವರ್ಷಗಳ ತಯಾರಿ, ಲೆಕ್ಕಾಚಾರ ಮತ್ತು ಇಬ್ಬರು ಗೆಳೆಯರ ನೆರವು ಅವರ ಬೆನ್ನಿಗಿತ್ತು. ಇನ್ನು ಮುಂದಿನ ಒಂದು ವರ್ಷದಲ್ಲಿ 4 ನಿಮಿಷದೊಳಗೆ ಓಡಿದ ಬೇರೆಯವರು 37 ಅಲ್ಲ, 300 ಅಲ್ಲ. ಒಬ್ಬರೇ ಒಬ್ಬರು.

ಮೈಲಿ ಎಂದರೆ ಎಷ್ಟು ದೂರ, 4 ನಿಮಿಷ ಎಂದರೆ ಎಷ್ಟು ವೇಗ?

ಒಂದು ಮೈಲಿ ಎಂದರೆ 1609 ಮೀಟರು. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಂಥ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹಾಕಿ, ಮೇಲೆ ಇನ್ನೊಂದು 9 ಮೀಟರ್ ಓಡಿದರೆ ಒಂದು ಮೈಲಿ ಆಗುತ್ತದೆ. ಅದನ್ನು 4 ನಿಮಿಷದೊಳಗೆ ಮುಗಿಸಬೇಕಾದರೆ ಪ್ರತಿ ಸುತ್ತಿಗೂ ಒಂದು ನಿಮಿಷಕ್ಕಿಂತ ಕಡಿಮೆ ಸಮಯ ಸಿಗುತ್ತದೆ. ವೇಗದ ಲೆಕ್ಕದಲ್ಲಿ ಗಂಟೆಗೆ 24 ಕಿಲೋಮೀಟರಿಗೂ ಹೆಚ್ಚು. ಅಂದರೆ ಊರೊಳಗೆ ಸ್ಕೂಟರಿನಲ್ಲಿ ನಿಧಾನವಾಗಿ ಹೋಗುವವರ ಜೊತೆಜೊತೆಗೇ ನಾಲ್ಕು ನಿಮಿಷ ಓಡಿದ ಹಾಗೆ.

ನಮ್ಮ ಹುಡುಗರಿಗೆ ಈ ದೂರ ಅಪರಿಚಿತವೇನಲ್ಲ. ಸೇನಾ ಭರ್ತಿಯಲ್ಲಿ ಓಡಿಸುವುದು 1.6 ಕಿಲೋಮೀಟರು. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅದು ಬಹುಮಟ್ಟಿಗೆ ಒಂದು ಮೈಲಿಯೇ. ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬಂದು ಓಡುವ ಅಭ್ಯರ್ಥಿಗಳನ್ನು ಕೇಳಿ ನೋಡಿ, ಆರೂವರೆ ನಿಮಿಷವೇ ಎಷ್ಟು ಕಷ್ಟ ಎಂದು ಹೇಳುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಹಳೆಯ ಟ್ರ್ಯಾಕುಗಳು 440 ಗಜದವು. ನಾಲ್ಕು ಸುತ್ತಿಗೆ ಸರಿಯಾಗಿ ಒಂದು ಮೈಲಿ. ನಾಲ್ಕು ಸುತ್ತು, ನಾಲ್ಕು ನಿಮಿಷ. ಈ ಅಂಕಿಯ ಅಂದಕ್ಕೆ ಪತ್ರಿಕೆಗಳು ಮರುಳಾದವು, ಅದನ್ನೊಂದು ಗೋಡೆಯಂತೆ ಬಣ್ಣಿಸಿದವು. ಆದರೆ ಮೈಲಿಯೂ ನಿಮಿಷವೂ ಮನುಷ್ಯ ಮಾಡಿಕೊಂಡ ಅಳತೆಗಳು. ದೇಹಕ್ಕೆ ಅವುಗಳ ಲೆಕ್ಕ ಗೊತ್ತಿಲ್ಲ. ಇದೇ ವೇಗದಲ್ಲಿ 1500 ಮೀಟರ್ ಓಡಿದರೆ ಸುಮಾರು 3 ನಿಮಿಷ 43 ಸೆಕೆಂಡ್ ಬೇಕು. 3 ನಿಮಿಷ 43 ಸೆಕೆಂಡನ್ನು ದಾಟಲಾಗದ ಗೋಡೆ ಎಂದು ಯಾರೂ ಕರೆಯಲಿಲ್ಲ. ಅದು ದುಂಡು ಸಂಖ್ಯೆ ಅಲ್ಲವಲ್ಲ!

ವೈದ್ಯರು ಅಸಾಧ್ಯ ಎಂದಿದ್ದರೇ?

ಮೊದಲು ದಾಖಲೆಗಳ ಪಟ್ಟಿಯನ್ನೇ ನೋಡೋಣ. ಪುರುಷರ ಮೈಲಿ ಓಟದ ವಿಶ್ವದಾಖಲೆ ಇಳಿದು ಬಂದ ರೀತಿ ಇದು:

1913: 4 ನಿಮಿಷ 14.4 ಸೆಕೆಂಡ್
1923: 4 ನಿಮಿಷ 10.4 ಸೆಕೆಂಡ್, ಫಿನ್ಲೆಂಡಿನ ಪಾವೊ ನುರ್ಮಿ
1937: 4 ನಿಮಿಷ 6.4 ಸೆಕೆಂಡ್, ಇಂಗ್ಲೆಂಡಿನ ಸಿಡ್ನಿ ವುಡರ್ಸನ್
1943: 4 ನಿಮಿಷ 2.6 ಸೆಕೆಂಡ್, ಸ್ವೀಡನ್ನಿನ ಆರ್ನೆ ಆಂಡರ್ಸನ್
1945: 4 ನಿಮಿಷ 1.4 ಸೆಕೆಂಡ್, ಸ್ವೀಡನ್ನಿನ ಗುಂಡರ್ ಹೆಗ್

ಇದು ಗೋಡೆಯೋ, ಮೆಟ್ಟಿಲೋ ನೀವೇ ಹೇಳಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೊಂದಾಗಿ ಹತ್ತುವ ಹಾಗೆ ಓಟಗಾರರು ಒಂದೊಂದೇ ಸೆಕೆಂಡನ್ನು ಕಳೆಯುತ್ತ ಬಂದಿದ್ದರು. 1945ರ ಹೊತ್ತಿಗೆ ಉಳಿದಿದ್ದದ್ದು ಒಂದೂವರೆ ಸೆಕೆಂಡು. ಇಷ್ಟು ಹತ್ತಿರ ಬಂದವರನ್ನು ನೋಡಿದ ಮೇಲೂ, ಇನ್ನು ಒಂದೂವರೆ ಸೆಕೆಂಡ್ ಬೇಗ ಓಡಿದರೆ ಹೃದಯ ಒಡೆಯುತ್ತದೆ ಎಂದು ಯಾವ ಶರೀರಶಾಸ್ತ್ರಜ್ಞ ತಾನೇ ಹೇಳಿಯಾನು?

ಹಾಗಾದರೆ 1945ರಿಂದ 1954ರವರೆಗೆ ದಾಖಲೆ ಯಾಕೆ ಹಾಗೇ ನಿಂತಿತ್ತು? ಎರಡನೇ ಮಹಾಯುದ್ಧ ಯುರೋಪಿನ ಒಂದು ತಲೆಮಾರಿನ ಓಟಗಾರರನ್ನೇ ನುಂಗಿತ್ತು. ಸ್ವೀಡನ್ ಯುದ್ಧದಲ್ಲಿ ಸೇರದೆ ತಟಸ್ಥವಾಗಿ ಉಳಿದದ್ದರಿಂದ ಹೆಗ್ ಮತ್ತು ಆಂಡರ್ಸನ್ ಓಡುತ್ತಲೇ ಇದ್ದರು. ಆದರೆ ಓಟಕ್ಕೆ ಹಣ ಪಡೆದರೆಂದು ಇಬ್ಬರನ್ನೂ ಹವ್ಯಾಸಿ ಕ್ರೀಡೆಯಿಂದ ನಿಷೇಧಿಸಲಾಯಿತು. ಅಂದರೆ ದಾಖಲೆ ನಿಂತದ್ದಕ್ಕೆ ಕಾರಣ ಮನಸ್ಸಿನ ಭಯ ಮಾತ್ರ ಅಲ್ಲ. ಯುದ್ಧ, ಹಸಿವು, ನಿಷೇಧಗಳೂ ಕಾರಣ.

ಇನ್ನೊಂದು ಸ್ವಾರಸ್ಯವಿದೆ. ವೈದ್ಯರಿಗೆ ಸಡ್ಡು ಹೊಡೆದು ಓಡಿದರು ಎಂದು ಫಾರ್ವರ್ಡ್ ಹೇಳುವ ಬ್ಯಾನಿಸ್ಟರ್ ಸ್ವತಃ ವೈದ್ಯಕೀಯ ವಿದ್ಯಾರ್ಥಿ! ಆಕ್ಸ್‌ಫರ್ಡ್‌ನಲ್ಲಿ ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದವರು. ಟ್ರೆಡ್‌ಮಿಲ್ ಮೇಲೆ ಓಡುವವರಿಗೆ ಹೆಚ್ಚು ಆಮ್ಲಜನಕ ಬೆರೆಸಿದ ಗಾಳಿ ಕೊಟ್ಟರೆ ಏನಾಗುತ್ತದೆ ಎಂದು ಅಳೆದು ನೋಡಿದ್ದರು. ಅದರ ಫಲಿತಾಂಶ ಪ್ರಕಟವಾದದ್ದೂ 1954ರಲ್ಲೇ. ದೇಹದ ಮಿತಿ ಎಲ್ಲಿದೆ ಎಂಬುದನ್ನು ಅವರು ಅಂದಾಜಿನಲ್ಲಿ ಬಿಡಲಿಲ್ಲ, ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದರು.

ಆ ಒಂದು ಸಂಜೆಗೆ ಮುಂಚಿನ ವರ್ಷಗಳು

ಬ್ಯಾನಿಸ್ಟರ್ ಹುಟ್ಟಿದ್ದು 1929ರ ಮಾರ್ಚ್ 23ರಂದು, ಲಂಡನ್ ಬಳಿಯ ಹ್ಯಾರೋದಲ್ಲಿ. ಹದಿನೇಳನೇ ವಯಸ್ಸಿಗೆ ಆಕ್ಸ್‌ಫರ್ಡ್ ಸೇರಿದರು. ಅಲ್ಲಿಂದ ಅವರ ಮೈಲಿ ಓಟದ ಸಮಯ ಹೀಗೆ ಇಳಿಯಿತು:

1947: 4 ನಿಮಿಷ 24.6 ಸೆಕೆಂಡ್
1951: 4 ನಿಮಿಷ 8.3 ಸೆಕೆಂಡ್
1953ರ ಮೇ: 4 ನಿಮಿಷ 3.6 ಸೆಕೆಂಡ್
1953ರ ಜೂನ್: 4 ನಿಮಿಷ 2.0 ಸೆಕೆಂಡ್
1954ರ ಮೇ: 3 ನಿಮಿಷ 59.4 ಸೆಕೆಂಡ್

ಏಳು ವರ್ಷಗಳಲ್ಲಿ 25 ಸೆಕೆಂಡು. ಒಂದು ಬೆಳಿಗ್ಗೆ ಎದ್ದು ನಂಬಿಕೆ ತಂದುಕೊಂಡು ಓಡಿದ ಓಟ ಇದಲ್ಲ.

ನಡುವೆ ಸೋಲೂ ಇತ್ತು. 1948ರ ಲಂಡನ್ ಒಲಿಂಪಿಕ್ಸ್ ಬಂದಾಗ ತಾನಿನ್ನೂ ಸಿದ್ಧನಾಗಿಲ್ಲ ಎಂದು ಹಿಂದೆ ಸರಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ಬ್ರಿಟನ್ನಿನ ಜನ ಅವರಿಂದ ಚಿನ್ನ ನಿರೀಕ್ಷಿಸಿದ್ದರು. ಕೊನೆ ಗಳಿಗೆಯಲ್ಲಿ ಆಯೋಜಕರು ಸೆಮಿಫೈನಲ್ ಒಂದನ್ನು ಸೇರಿಸಿದರು. ಓದಿನ ನಡುವೆ ಹಗುರ ತರಬೇತಿ ಮಾಡಿಕೊಂಡಿದ್ದ ಬ್ಯಾನಿಸ್ಟರ್‌ಗೆ ಮೂರು ದಿನ ಸತತ ಓಡುವುದು ದುಬಾರಿಯಾಯಿತು. ನಾಲ್ಕನೇ ಸ್ಥಾನ, ಪದಕವಿಲ್ಲ. ಅಲ್ಲಿ ಅವರಿಗೆ ನಂಬಿಕೆ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ದಿನದಿನವೂ ಓಡಿ ಗಟ್ಟಿಯಾದ ಕಾಲು. ಓಟವನ್ನೇ ಬಿಡುವ ಯೋಚನೆಯೂ ಬಂತು. ಬಿಡದೆ, 4 ನಿಮಿಷದ ಮೈಲಿಯನ್ನು ಗುರಿಯಾಗಿ ಇಟ್ಟುಕೊಂಡರು.

ಮುಂದಿನ ತರಬೇತಿ ಹೀಗಿತ್ತು: ಆಸ್ಪತ್ರೆಯ ಊಟದ ಬಿಡುವಿನಲ್ಲಿ ಹತ್ತಿರದ ಟ್ರ್ಯಾಕಿಗೆ ಹೋಗುವುದು. ಒಂದು ಸುತ್ತು ಜೋರಾಗಿ ಓಡುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು. ಹೀಗೆ ಹತ್ತು ಸಲ. ಮೊದಲು ಸುತ್ತಿಗೆ 66 ಸೆಕೆಂಡ್ ಹಿಡಿಯುತ್ತಿತ್ತು. ಬರಬರುತ್ತ 61ಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಏನು ಮಾಡಿದರೂ ಇಳಿಯಲಿಲ್ಲ.

ಆಗ ಏನು ಮಾಡಿದರು ಗೊತ್ತೇ? ಇನ್ನೂ ಹೆಚ್ಚು ಓಡಲಿಲ್ಲ. ಓಟಕ್ಕೆ ರಜೆ ಹಾಕಿ ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಸ್ಕಾಟ್ಲೆಂಡಿಗೆ ಬಂಡೆ ಹತ್ತಲು ಹೋದರು! ಕೆಲವು ದಿನ ಕಳೆದು ವಾಪಸು ಬಂದು ಓಡಿದಾಗ ಸುತ್ತಿಗೆ 59 ಸೆಕೆಂಡ್ ಬಂತು. ದಣಿದ ಸ್ನಾಯು ಗಟ್ಟಿಯಾಗುವುದು ಓಡುವಾಗಲ್ಲ, ಓಟ ನಿಲ್ಲಿಸಿ ವಿಶ್ರಾಂತಿ ಕೊಟ್ಟಾಗ. ಇಂದಿನ ಕ್ರೀಡಾ ವಿಜ್ಞಾನ ಒತ್ತಿ ಹೇಳುವ ಮಾತಿದು. ಫಾರ್ವರ್ಡ್‌ಗಳಲ್ಲಿ ಮಾತ್ರ ಈ ಭಾಗ ಎಂದೂ ಬರುವುದಿಲ್ಲ.

1954ರ ಮೇ 6: ಒಬ್ಬರಲ್ಲ, ಮೂವರು ಓಡಿದ ಓಟ

ಅಂದು ಬೆಳಿಗ್ಗೆ ಬ್ಯಾನಿಸ್ಟರ್ ಲಂಡನ್ನಿನ ಆಸ್ಪತ್ರೆಗೆ ಹೋದರು. ಶೂಗಳ ಮುಳ್ಳುಗಳನ್ನು ಸಾಣೆ ಹಿಡಿದು ಚೂಪು ಮಾಡಿ, ಟ್ರ್ಯಾಕಿನ ಬೂದಿಪುಡಿ ಅಂಟದಂತೆ ಅವಕ್ಕೆ ಗ್ರಾಫೈಟ್ ಉಜ್ಜಿದರು. ರೈಲು ಹತ್ತಿ ಆಕ್ಸ್‌ಫರ್ಡ್‌ಗೆ ಬಂದರು. ಐಫ್ಲಿ ರಸ್ತೆಯ ಮೈದಾನದಲ್ಲಿ ಗಾಳಿ ಜೋರಾಗಿ ಬೀಸುತ್ತಿತ್ತು. ಇಂಥ ಗಾಳಿಯಲ್ಲಿ ದಾಖಲೆ ಸಾಧ್ಯವಿಲ್ಲ, ಇವತ್ತು ಬೇಡ ಎಂದು ಹೊರಟಿದ್ದರು. ಓಟ ಶುರುವಾಗುವ ಸ್ವಲ್ಪ ಮುಂಚೆ ಗಾಳಿ ತಗ್ಗಿತು. ಸರಿ, ಓಡೋಣ ಎಂದರು. ಗಾಳಿಯನ್ನೂ ನಂಬಿಕೆಯಿಂದ ಗೆಲ್ಲಬಹುದು ಎಂದು ಅವರು ಅಂದುಕೊಂಡಿರಲಿಲ್ಲ.

ಮೊದಲ ಎರಡು ಸುತ್ತು ಕ್ರಿಸ್ ಬ್ರಾಶರ್ ಮುಂದೆ ಓಡಿದರು, ಬ್ಯಾನಿಸ್ಟರ್ ಅವರ ಬೆನ್ನಿಗಂಟಿಕೊಂಡು ಹಿಂದೆ. ನಂತರ ಕ್ರಿಸ್ ಚಾಟವೇ ಮುಂದೆ ಬಂದರು. ಮೂರು ಸುತ್ತು ಮುಗಿದಾಗ ಗಡಿಯಾರ ಮೂರು ನಿಮಿಷವನ್ನು ಆಗಲೇ ಒಂದು ಚೂರು ದಾಟಿತ್ತು. ಕೊನೆಯ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ಉಳಿದಿರುವಾಗ ಬ್ಯಾನಿಸ್ಟರ್ ಚಾಟವೇಯನ್ನು ದಾಟಿ ಒಬ್ಬರೇ ಓಡಿದರು. ಗುರಿ ಮುಟ್ಟಿ ಕುಸಿದರು. ಮೈಕಿನಲ್ಲಿ ನಾರಿಸ್ ಮೆಕ್‌ವರ್ಟರ್ ಸಮಯ ಹೇಳುತ್ತಾ "ಮೂರು" ಎಂದದ್ದೇ, ಮುಂದಿನದು ಯಾರಿಗೂ ಕೇಳಿಸದಷ್ಟು ಗದ್ದಲವೆದ್ದಿತು. 3 ನಿಮಿಷ 59.4 ಸೆಕೆಂಡ್! ಇದೇ ನಾರಿಸ್ ಮತ್ತು ಅವರ ಅವಳಿ ಸಹೋದರ ರಾಸ್ ಮರುವರ್ಷ ಮೊದಲ ಗಿನ್ನೆಸ್ ದಾಖಲೆ ಪುಸ್ತಕವನ್ನು ಸಂಪಾದಿಸಿದರು.

ಮುಂದೆ ಓಡುವ ಈ ಜೊತೆಗಾರರನ್ನು ಪೇಸ್‌ಮೇಕರ್ ಎನ್ನುತ್ತಾರೆ. ಹೃದಯಕ್ಕೆ ಕೂರಿಸುವ ಯಂತ್ರಕ್ಕೂ ಇದೇ ಹೆಸರು, ಇದು ಬೇರೆ. ಇವರಿಂದ ಏನು ಲಾಭ?

ಒಂದು, ಗಾಳಿ. ಈ ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೇ ದೇಹ ಸಾಕಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಅಳೆದರು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇನ್ನೊಬ್ಬರ ಹಿಂದೆಯೇ ಓಡಿದಾಗ ದೇಹಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇಕಡಾ 6ರಷ್ಟು ಕಡಿಮೆಯಾಯಿತು. ಬಸ್ಸಿನ ಹಿಂದೆ ಸೈಕಲ್ ತುಳಿದವರಿಗೆ ಇದು ಹೇಗೆಂದು ಗೊತ್ತು. (ಹಾಗೆ ತುಳಿಯಬೇಡಿ, ಅಪಾಯ.)

ಎರಡು, ಸಮ ವೇಗ. ಮೊದಲ ಸುತ್ತನ್ನೇ ಜೋರಾಗಿ ಓಡಿದರೆ, ಉಸಿರಾಟದಿಂದ ಸಿಗುವ ಆಮ್ಲಜನಕ ಸಾಲದೆ ಸ್ನಾಯುಗಳು ಬೇರೆ ದಾರಿಯಿಂದ ಶಕ್ತಿ ತೆಗೆಯುತ್ತವೆ. ಅದರಿಂದ ಸ್ನಾಯುವಿನಲ್ಲಿ ಆಮ್ಲದ ಅಂಶ ಹೆಚ್ಚಿ ಕಾಲು ಭಾರವಾಗುತ್ತದೆ. ಆ ಸಾಲವನ್ನು ಕೊನೆ ಸುತ್ತಿನಲ್ಲಿ ತೀರಿಸಲೇಬೇಕು. ಮುಂದೆ ಓಡುವವರು ಲೆಕ್ಕದ ವೇಗ ಹಿಡಿದರೆ ಹಿಂದಿನವರಿಗೆ ಈ ತಾಪತ್ರಯವಿಲ್ಲ.

ಮುಂದಿನ ಒಂದು ವರ್ಷದಲ್ಲಿ ಎಷ್ಟು ಜನ?

ಫಾರ್ವರ್ಡ್‌ನ ಅತಿ ದೊಡ್ಡ ಸುಳ್ಳು ಇರುವುದು ಇಲ್ಲಿ.

46 ದಿನಗಳ ನಂತರ, 1954ರ ಜೂನ್ 21ರಂದು, ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಫಿನ್ಲೆಂಡಿನ ತುರ್ಕುವಿನಲ್ಲಿ 3 ನಿಮಿಷ 58 ಸೆಕೆಂಡಿನಲ್ಲಿ ಓಡಿ ಬ್ಯಾನಿಸ್ಟರ್ ದಾಖಲೆ ಮುರಿದರು. ನೋಡಿ, ಬ್ಯಾನಿಸ್ಟರ್ ಓಡಿದ್ದು ಕಂಡು ನಂಬಿಕೆ ಬಂತು ಎಂದು ಫಾರ್ವರ್ಡ್ ಪ್ರಿಯರು ಹೇಳಬಹುದು. ಆದರೆ ಲ್ಯಾಂಡಿ 1952ರ ಡಿಸೆಂಬರಿನಲ್ಲೇ 4 ನಿಮಿಷ 2 ಸೆಕೆಂಡಿನ ಆಸುಪಾಸಿನಲ್ಲಿ ಓಡಿದ್ದವರು, ಆಮೇಲೂ ಬಿಡದೆ ಯತ್ನಿಸುತ್ತಿದ್ದವರು. ತುರ್ಕುವಿನಲ್ಲಿ ಅವರಿಗೆ ಉತ್ತಮ ಟ್ರ್ಯಾಕ್ ಸಿಕ್ಕಿತು, ಬೆನ್ನಟ್ಟುವ ಎದುರಾಳಿಯೂ ಸಿಕ್ಕರು. ಆ ಎದುರಾಳಿ ಬೇರಾರೂ ಅಲ್ಲ, ಆಕ್ಸ್‌ಫರ್ಡ್‌ನಲ್ಲಿ ಬ್ಯಾನಿಸ್ಟರ್‌ಗೆ ನೆರವಾಗಿದ್ದ ಕ್ರಿಸ್ ಚಾಟವೇ.

1954ರ ಆಗಸ್ಟ್ 7ರಂದು ಕೆನಡಾದ ವ್ಯಾಂಕೂವರಿನಲ್ಲಿ ಇಬ್ಬರೂ ಮುಖಾಮುಖಿಯಾದರು. ಲ್ಯಾಂಡಿ ಉದ್ದಕ್ಕೂ ಮುಂದಿದ್ದರು. ಕೊನೆಯ ತಿರುವಿನಲ್ಲಿ ಎಡಕ್ಕೆ ತಿರುಗಿ ಹಿಂದೆ ನೋಡಿದರು. ಅದೇ ಗಳಿಗೆಗೆ ಬಲಗಡೆಯಿಂದ ಬ್ಯಾನಿಸ್ಟರ್ ದಾಟಿಹೋದರು. ಬ್ಯಾನಿಸ್ಟರ್ 3 ನಿಮಿಷ 58.8, ಲ್ಯಾಂಡಿ 3 ನಿಮಿಷ 59.6. ಒಂದೇ ಓಟದಲ್ಲಿ ಇಬ್ಬರು 4 ನಿಮಿಷದೊಳಗೆ ಬಂದದ್ದು ಅದೇ ಮೊದಲು.

ಆಮೇಲೆ? 1955ರ ಮೇ 6ರಂದು ಒಂದು ವರ್ಷ ತುಂಬಿದಾಗ ಪಟ್ಟಿಯಲ್ಲಿ ಇದ್ದದ್ದು ಇದೇ ಎರಡು ಹೆಸರು. ಮೇ 28ರಂದು ಲಂಡನ್ನಿನಲ್ಲಿ ನಡೆದ ಒಂದು ಓಟದಲ್ಲಿ ಹಂಗೇರಿಯ ಲಾಸ್ಲೊ ತಾಬೊರಿ, ಇಂಗ್ಲೆಂಡಿನ ಚಾಟವೇ ಮತ್ತು ಬ್ರಯನ್ ಹ್ಯೂಸನ್ ಸೇರಿದಾಗ ಒಟ್ಟು ಐವರಾದರು. ಈ ಐವರೂ ವರ್ಷಗಟ್ಟಲೆ ತರಬೇತಿ ಪಡೆದು ಮುಂಚೂಣಿಯಲ್ಲಿದ್ದವರೇ.

ಮನಸ್ಸಿಗೆ ಪಾತ್ರವೇ ಇಲ್ಲವೇ?

ಇದೆ. ಗಾಳಿ ನೋಡಿ ಹಿಂಜರಿದಿದ್ದ ಬ್ಯಾನಿಸ್ಟರ್‌ಗೆ ಧೈರ್ಯ ಹೇಳಿದವರು ತರಬೇತುದಾರ ಫ್ರಾಂಜ್ ಸ್ಟ್ಯಾಂಪ್‌ಫ್ಲ್. ಗುರಿ ಸಾಧ್ಯ ಎಂಬ ಭರವಸೆ ಇಲ್ಲದವನು ಆ ಹತ್ತು ಸುತ್ತುಗಳ ಅಭ್ಯಾಸವನ್ನು ವರ್ಷಗಟ್ಟಲೆ ಮಾಡುವುದಿಲ್ಲ. ಮನಸ್ಸು ಮನುಷ್ಯನನ್ನು ಮೈದಾನಕ್ಕೆ ಕರೆತರುತ್ತದೆ. ಆದರೆ ಆಮ್ಲಜನಕದ ಕೆಲಸವನ್ನು ಅದು ಮಾಡುವುದಿಲ್ಲ.

ಇದಕ್ಕೆ ಇತ್ತೀಚಿನ ಸಾಕ್ಷಿ ಕೆನ್ಯಾದ ಫೇತ್ ಕಿಪ್ಯೆಗಾನ್. ಮಹಿಳೆಯರ ಮೈಲಿ ವಿಶ್ವದಾಖಲೆ ಅವರದ್ದೇ: 2023ರಲ್ಲಿ 4 ನಿಮಿಷ 7.64 ಸೆಕೆಂಡ್. 2025ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ 4 ನಿಮಿಷದೊಳಗೆ ಓಡುವ ವಿಶೇಷ ಪ್ರಯತ್ನ ಮಾಡಿದರು. ವಿಶೇಷ ಉಡುಪು, ವಿಶೇಷ ಶೂ, ಹಿಂದೆ ಮುಂದೆ ಹತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳು. ಅವರಿಗೆ ನಂಬಿಕೆ ಕಡಿಮೆ ಇತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಆದರೂ 4 ನಿಮಿಷ 6 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಿದರು. ಗುರಿ ತಪ್ಪಿತು, ಆದರೂ ಮಹಿಳೆಯರಲ್ಲಿ ಅಷ್ಟು ವೇಗವಾಗಿ ಯಾರೂ ಮೈಲಿ ಓಡಿರಲಿಲ್ಲ.

ನಮ್ಮ ಬೆಳಗಾವಿಯ ಓಟಗಾರ

ದೂರದ ಇಂಗ್ಲೆಂಡಿನ ಮಾತಾಯಿತು. ಬ್ಯಾನಿಸ್ಟರ್ ಹುಟ್ಟುವುದಕ್ಕೂ ಮೊದಲೇ ನಮ್ಮ ನಾಡಿನ ಒಬ್ಬರು ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ್ದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿಯ ಓಟಗಾರರನ್ನು ಕಂಡು ಉದ್ಯಮಿ ದೊರಾಬ್ಜಿ ಟಾಟಾ ಬೆರಗಾದರು. ಅವರ ಮುತುವರ್ಜಿಯಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಒಂದು ಪುಟ್ಟ ತಂಡ ಹೋಯಿತು. ಅಂದಿನ ಮ್ಯಾರಥಾನ್ ಇಂದಿನದಕ್ಕಿಂತ ಸ್ವಲ್ಪ ಉದ್ದ, 42.75 ಕಿಲೋಮೀಟರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಲೆಕ್ಕ ಹಾಕಿದರೆ ಒಂದೊಂದು ಕಿಲೋಮೀಟರಿಗೂ ಸರಾಸರಿ 4 ನಿಮಿಷ! ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಅವರ ಸಮಯ 2 ಗಂಟೆ 32 ನಿಮಿಷ.

ಇಬ್ಬರ ನಡುವಿನ 18 ನಿಮಿಷದ ಅಂತರಕ್ಕೆ ನಂಬಿಕೆಯ ಕೊರತೆ ಕಾರಣವೇ? ಹಡಗು ಹತ್ತಿ ಪರದೇಶಕ್ಕೆ ಹೋಗಿ, ಗೊತ್ತಿಲ್ಲದ ಹವೆಯಲ್ಲಿ, ಗೊತ್ತಿಲ್ಲದ ಊಟ ತಿಂದು, 42 ಕಿಲೋಮೀಟರ್ ಓಡಿ ಮುಗಿಸಿದವರಿಗೆ ಎದೆಗಾರಿಕೆ ಕಡಿಮೆ ಇರಲಿಲ್ಲ. ಕೊಲೆಮೈನೆನ್ 1912ರಲ್ಲೇ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಅನುಭವಿ. ಚೌಗುಲೆಯವರಿಗೆ ಅಂಥ ದೊಡ್ಡ ಓಟಗಳ ಅನುಭವವೂ ಇರಲಿಲ್ಲ, ಬೆನ್ನಿಗೆ ಅಂಥ ವ್ಯವಸ್ಥೆಯೂ ಇರಲಿಲ್ಲ. ಎಲ್ಲವೂ ನಂಬಿಕೆ ಎಂದು ಹೇಳುವ ಫಾರ್ವರ್ಡ್ ಇಂಥವರಿಗೆ ಅನ್ಯಾಯ ಮಾಡುತ್ತದೆ.

ದಾಖಲೆ ಎಂದರೆ ಬರೀ ಅಂಕಿ ಅಲ್ಲ

2020ರ ಫೆಬ್ರವರಿಯ ಇನ್ನೊಂದು ಫಾರ್ವರ್ಡ್ ನಿಮಗೆ ನೆನಪಿರಬಹುದು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡ್ ಎಂದು ಲೆಕ್ಕ ಮಾಡಿ, ಉಸೇನ್ ಬೋಲ್ಟ್‌ನ 9.58ನ್ನು ಮುರಿದರು ಎಂದು ದೇಶವೆಲ್ಲ ಸುದ್ದಿಯಾಯಿತು. ಆದರೆ ಕೋಣಗಳು ಎಳೆಯುವ ಓಟಕ್ಕೂ ಒಂಟಿಯಾಗಿ ನಿಂತಲ್ಲಿಂದ ಶುರುಮಾಡುವ ಓಟಕ್ಕೂ ಹೋಲಿಕೆ ಸಲ್ಲದು. ಇದನ್ನು ಸ್ಪಷ್ಟವಾಗಿ ಹೇಳಿದವರು ಗೌಡರೇ. ಕೆಸರಿನ ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಎಂದು ವಿನಯದಿಂದ ಹಿಂದೆ ಸರಿದರು. ಅದರಿಂದ ಅವರ ಸಾಧನೆ ಕಿರಿದಾಗಲಿಲ್ಲ.

ಬ್ಯಾನಿಸ್ಟರ್‌ಗೂ ಈ ನಿಯಮ ತಟ್ಟಿತ್ತು. 1953ರ ಜೂನಿನ 4 ನಿಮಿಷ 2.0 ಸೆಕೆಂಡಿನ ಓಟದಲ್ಲಿ ಬ್ರಾಶರ್ ಬೇಕೆಂದೇ ಒಂದು ಸುತ್ತು ಹಿಂದುಳಿದು, ಕೊನೆಯಲ್ಲಿ ಬ್ಯಾನಿಸ್ಟರ್ ಜೊತೆಗೂಡಿ ಓಡಿಸಿದ್ದರು. ಇದು ನಿಜವಾದ ಸ್ಪರ್ಧೆಯಲ್ಲ ಎಂದು ಬ್ರಿಟನ್ನಿನ ಅಧಿಕಾರಿಗಳು ಅದನ್ನು ರಾಷ್ಟ್ರೀಯ ದಾಖಲೆಯೆಂದು ಒಪ್ಪಲಿಲ್ಲ. ಕಿಪ್ಯೆಗಾನ್ ಅವರ ಪ್ಯಾರಿಸ್ ಓಟವೂ ಇದೇ ಬಗೆಯ ಕಾರಣಕ್ಕೆ ಅಧಿಕೃತ ದಾಖಲೆಯಲ್ಲ.

ಈ ಫಾರ್ವರ್ಡ್‌ನಿಂದ ತೊಂದರೆ ಏನು?

ಸ್ಫೂರ್ತಿ ಕೊಡುವ ಕಥೆ, ಸ್ವಲ್ಪ ಉಪ್ಪುಖಾರ ಸೇರಿದರೆ ಏನಂತೆ ಎಂದು ನೀವು ಕೇಳಬಹುದು. ತೊಂದರೆ ಎರಡಿದೆ.

ಮೊದಲನೆಯದು, ಮಿತಿ ತಲೆಯಲ್ಲಿ ಮಾತ್ರ ಇರುವುದಾದರೆ ಸೋತವರ ಸೋಲಿಗೆ ಅವರ ತಲೆಯೇ ಕಾರಣ ಎಂದಾಗುತ್ತದೆ. ಒಳ್ಳೆಯ ಊಟ, ಮೈದಾನ, ಮೇಷ್ಟ್ರು, ಬಿಡುವು ಸಿಗದ ಹುಡುಗ ಅಥವಾ ಹುಡುಗಿಗೆ ನಿನಗೆ ನಂಬಿಕೆ ಸಾಲದು ಎಂದು ಹೇಳಿದಂತೆ.

ಎರಡನೆಯದು ಜೀವಕ್ಕೇ ಕುತ್ತು. ದೇಹ ಸಾಕು ಎಂದಾಗ ಅದನ್ನು ಕೇಳಬೇಡ ಎಂದು ಈ ಸಂದೇಶ ಕಲಿಸುತ್ತದೆ. 2024ರ ಆಗಸ್ಟ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಮೃತಪಟ್ಟರು. ಕೆಲಸ ಸಿಗಬೇಕೆಂಬ ಛಲ ಅವರಲ್ಲಿ ಯಾರಿಗೂ ಕಡಿಮೆ ಇದ್ದಿರಲಾರದು.

ಆದ್ದರಿಂದ ಭರ್ತಿಗೋ ಸ್ಪರ್ಧೆಗೋ ತಯಾರಾಗುತ್ತಿರುವವರು ಇವಿಷ್ಟನ್ನು ನೆನಪಿಡಿ:

• ಪ್ರಕಟಣೆ ಬಂದ ಮೇಲೆ ಹದಿನೈದು ದಿನದಲ್ಲಿ ಓಟ ಕಲಿಯಲು ಆಗುವುದಿಲ್ಲ. ತಿಂಗಳುಗಳ ಮುಂಚೆ ಶುರುಮಾಡಿ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.
• ವಾರದಲ್ಲಿ ಒಂದೆರಡು ದಿನ ವಿಶ್ರಾಂತಿ ಇರಲಿ. ಅದು ಸೋಮಾರಿತನವಲ್ಲ, ತರಬೇತಿಯ ಭಾಗ.
• ಜ್ವರ, ಭೇದಿ, ತೀವ್ರ ನೆಗಡಿ ಇದ್ದಾಗ ಓಡಬೇಡಿ.
• ಓಡುವಾಗ ಎದೆನೋವು, ಕಣ್ಣು ಕತ್ತಲೆ ಬರುವುದು, ಎದೆ ಒಂದೇ ಸಮನೆ ವಿಚಿತ್ರವಾಗಿ ಬಡಿದುಕೊಳ್ಳುವುದು ಕಂಡರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಓಟ ಶುರುಮಾಡುವ ಮುಂಚೆಯೇ ತಪಾಸಣೆ ಮಾಡಿಸಿ.
• ಬಿಸಿಲಿನಲ್ಲಿ ಓಡುತ್ತಿರುವವರು ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ವಾಂತಿ ಮಾಡಿಕೊಂಡು ಕುಸಿದರೆ ಅದು ಶಾಖಾಘಾತವಿರಬಹುದು. ನೆರಳಿಗೆ ಕರೆತಂದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.
• ದಮ್ಮು ಕಟ್ಟಲು ಎಂದು ಯಾರೋ ಕೊಡುವ ಮಾತ್ರೆ, ಇಂಜೆಕ್ಷನ್ ಮುಟ್ಟಬೇಡಿ.

ಓಟ ಮುಗಿದ ಮೇಲೆ

ಬ್ಯಾನಿಸ್ಟರ್ ಅವರ ಮೈಲಿ ದಾಖಲೆ ಉಳಿದದ್ದು 46 ದಿನ ಮಾತ್ರ. 1954ರ ಆಗಸ್ಟ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ 1500 ಮೀಟರ್ ಚಿನ್ನ ಗೆದ್ದು, ಆ ವರ್ಷದ ಕೊನೆಯ ಹೊತ್ತಿಗೆ ಓಟಕ್ಕೆ ವಿದಾಯ ಹೇಳಿದರು. ಆಗ ವಯಸ್ಸು 25. ನರರೋಗ ತಜ್ಞರಾಗಿ ದಶಕಗಳ ಕಾಲ ದುಡಿದರು. ರಕ್ತದೊತ್ತಡ, ಹೃದಯ ಬಡಿತದಂಥ ಕೆಲಸಗಳನ್ನು ನಮಗೆ ತಿಳಿಯದಂತೆ ನಡೆಸುವ ನರಮಂಡಲದ ಕಾಯಿಲೆಗಳು ಅವರ ವಿಷಯ. ಓಟಕ್ಕಿಂತ ಆ ಕೆಲಸವೇ ತನಗೆ ಹೆಚ್ಚಿನದು ಎಂದು ಸಂದರ್ಶನಗಳಲ್ಲಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಅವರಿಗೇ ಪಾರ್ಕಿನ್ಸನ್ ಎಂಬ ನರರೋಗ ಬಂತು. 2018ರ ಮಾರ್ಚ್ 3ರಂದು, 88ನೇ ವಯಸ್ಸಿನಲ್ಲಿ ನಿಧನರಾದರು. ಪುರುಷರ ಮೈಲಿ ದಾಖಲೆ ಈಗ ಮೊರಾಕ್ಕೊದ ಹಿಷಾಮ್ ಎಲ್ ಗೆರೂಜ್ ಅವರು 1999ರಲ್ಲಿ ಮಾಡಿದ 3 ನಿಮಿಷ 43.13 ಸೆಕೆಂಡ್.

ಮುಂದಿನ ಸಲ ಈ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ ಕಳುಹಿಸಿದವರ ಮೇಲೆ ರೇಗಬೇಡಿ. ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿರುತ್ತಾರೆ. ಕೆಳಗೆ ಇಷ್ಟು ಬರೆಯಿರಿ: ಬ್ಯಾನಿಸ್ಟರ್ ನಂಬಿದ್ದು ನಿಜ, ಆದರೆ ನಂಬಿ ಸುಮ್ಮನೆ ಕೂರಲಿಲ್ಲ. ಏಳು ವರ್ಷ ಓಡಿದರು, ಅಳೆದರು, ಸೋತರು, ವಿಶ್ರಾಂತಿ ತೆಗೆದುಕೊಂಡರು, ಗೆಳೆಯರ ಸಹಾಯ ಪಡೆದರು, ಗಾಳಿ ತಗ್ಗುವವರೆಗೆ ಕಾದರು. ಮಕ್ಕಳಿಗೆ ಹೇಳಬೇಕಾದ ಕಥೆ ಇದೇ.